ದ್ರಾಕ್ಷಾಯಣಮ್ಮನ ಹರಕೆ

ಬಿಳಿಗೆರೆಯ ದ್ರಾಕ್ಷಾಯಣಮ್ಮ ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಮಾತ್ರೆ. ಅದೂ ಎಂಥ ಮಾತ್ರೆ? ಮಕ್ಕಳಾಗದಿರಲಿ ಅಂತ ಸರ್ಕಾರದವರು ನರ್ಸಮ್ಮನ ಕೈಲಿ ಮನೆಮನೆಗೆ ಹಂಚಿಸುತ್ತಿದ್ದ ಮಾತ್ರೆ. ಹಾಳೆಯಲ್ಲಿ ಅರ್ಧ ಆಗಲೇ ಖಾಲಿ. ಹಿರೀಮಗ ನಂಜುಂಡಪ್ಪನಿಗೆ ಮದುವೆಯಾಗಿ ಮೂರನೇ ವರ್ಷ ನಡೆಯುತ್ತಿತ್ತು. ಸೊಸೆ ವಿಮಲ ಇವತ್ತು ಸುದ್ದಿ ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ ಕಾದೂ ಕಾದೂ ದ್ರಾಕ್ಷಾಯಣಮ್ಮ ಕಂಡ ಕಂಡ ದೇವರಿಗೆಲ್ಲ ಕಾಯಿ ಒಡೆದು ಬಂದಿದ್ದಳು. ದೇವರು ಪಾಪ ಏನು ಮಾಡಿಯಾನು, ಮನೆಯೊಳಗೇ ಹಿಂಗೆ ಕೆಲಸ ಕೆಡಿಸುವವರಿದ್ದರೆ?

ಸಿಕ್ಕ ತಕ್ಷಣ ರಂಪ ಮಾಡುವ ಹೆಂಗಸಲ್ಲ ಆಕೆ. ಜಗಳಕ್ಕೆ ಜನ ಸೇರಬೇಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂರಲಿ ಅಂತ ಕಾದಳು. ಗಂಡ ಮರುಳಪ್ಪ, ಹಿರೀಮಗ ನಂಜುಂಡಪ್ಪ ಗೋಡೆ ಕಡೆ ಕೂತರು. ಅತ್ತೆ ಚಿಕ್ಕಗೌರಮ್ಮ ಕಂಬಕ್ಕೆ ಒರಗಿ ಕೂತಳು. ಅಜ್ಜಿಯ ಮಗ್ಗುಲಲ್ಲಿ ಚಿಕ್ಕಮಗ ಕಲ್ಲೇಶ. ಮುಂದೆ ಈ ಹೆಸರು ನಿಲ್ಲುವುದಿಲ್ಲ, ಆದರೆ ಆವತ್ತು ದ್ರಾಕ್ಷಾಯಣಮ್ಮನ ಬಾಯಲ್ಲಿ ಇದ್ದದ್ದು ಇದೊಂದೇ ಹೆಸರು. ಸದ್ಯಕ್ಕೆ ನಾವೂ ಅದನ್ನೇ ಇಟ್ಟುಕೊಳ್ಳೋಣ.

ಎಲ್ಲರ ತಟ್ಟೆಗೂ ಮುದ್ದೆ ಬಿದ್ದಮೇಲೆ ದ್ರಾಕ್ಷಾಯಣಮ್ಮ ಮಾತ್ರೆಯ ಹಾಳೆಯನ್ನು ಮಗನ ತಟ್ಟೆಯ ಮುಂದೆ ಇಟ್ಟಳು.

"ನೋಡಪ್ಪ ನಂಜುಂಡಪ್ಪ, ನಿನ್ನ ಹೆಂಡ್ತಿ ಸಂಪಾದನೆ."

"ಏನವ್ವ ಇದು?"

"ಅವಳನ್ನೇ ಕೇಳು. ಮೊಮ್ಮಗು ಬೇಕು ಅಂತ ನಾನು ಉಪವಾಸ ಇರೋದು, ಇವಳು ಒಳಗೊಳಗೇ ಮಾತ್ರೆ ನುಂಗೋದು. ಚೆನ್ನಾಗೈತೆ."

ವಿಮಲ ಹುರುಳಿಸಾರಿನ ಪಾತ್ರೆ ಹಿಡಿದು ನಿಂತಿದ್ದವಳು ಬಾಯಿ ತೆರೆದಳು. ಆದರೆ ಬಂದದ್ದು ಮಾತಲ್ಲ. ಪಾತ್ರೆ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಬಚ್ಚಲ ಕಡೆಯಿಂದ ವಾಂತಿಯ ಸದ್ದು ಕೇಳಿಸಿತು. ಅಜ್ಜಿ ಚಿಕ್ಕಗೌರಮ್ಮ ಮುದ್ದೆ ನುಂಗುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಲೇ ದ್ರಾಕ್ಷಾಯಣಿ, ನಿನ್ನೆಯೂ ಹಿಂಗೇ ಓಡಿದ್ಲು. ಮೊನ್ನೆಯೂ ಓಡಿದ್ಲು. ಹೆತ್ತೋಳು ನೀನು, ನಿಂಗೆ ತಿಳೀಲಿಲ್ವಾ?"

ಸಂಜೆ ನರ್ಸಮ್ಮ ಹಬೀಬುನ್ನೀಸಾ ಬಂದು ನೋಡಿದಳು. ವಿಮಲನಿಗೆ ಮೂರನೇ ತಿಂಗಳು. ದ್ರಾಕ್ಷಾಯಣಮ್ಮನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬೆಲ್ಲದ ಡಬ್ಬ ತಂದು ಎಲ್ಲರ ಬಾಯಿಗೂ ಹಾಕಿದಳು. ನರ್ಸಮ್ಮನ ಮುಖ ಮಾತ್ರ ಸಪ್ಪಗಾಗಿತ್ತು.

"ಏನ್ ವಿಮಲಮ್ಮ ಇದು? ತಿಂಗಳು ತಪ್ಪದಂಗೆ ನನ್ನ ಹತ್ರ ಮಾತ್ರೆ ಇಸ್ಕೊಂಡ್ರಿ. ತಾಲೂಕು ಆಫೀಸಲ್ಲಿ ನಿಮ್ಮನ್ನೇ ಹೊಗಳಿ ಬಂದಿದ್ದೆ ಕಣ್ರೀ. ಮಾತ್ರೆ ತಿಂದೋರಿಗೆ ಬಸಿರು ಹೆಂಗಾಯ್ತು?"

ವಿಮಲ ತಲೆ ತಗ್ಗಿಸಿ ಕೂತಳು. ಹೇಳಿದ್ದು ಕಲ್ಲೇಶ.

"ಅತ್ತಿಗೆ ತಿಂದಿಲ್ಲ. ತಿಂದಿದ್ದು ನಾನು."

ಎಲ್ಲರೂ ಒಟ್ಟಿಗೇ ಮಾತಾಡಿದರು.

ಕಲ್ಲೇಶನಿಗೆ ಆಗ ಹತ್ತೊಂಬತ್ತು. ಎಂಟನೇ ವಯಸ್ಸಿನಲ್ಲಿ ಕೀಲುಕೀಲು ಊದಿಕೊಂಡು ಜ್ವರ ಬಂದು, ಹೋಗುವಾಗ ಎದೆ ಕೆಡಿಸಿ ಹೋಗಿತ್ತು. ಹೃದಯದ ಕವಾಟ ಕಿರಿದಾಗಿದೆ ಅಂದಿದ್ದರು ಡಾಕ್ಟರು. ಅಂದಿನಿಂದ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚಿಸಬೇಕು. ಮರ ಹತ್ತುವಂತಿಲ್ಲ, ಕಾಯಿ ಸುಲಿಯುವಂತಿಲ್ಲ. ಹಾಗಾಗಿ ಹುಡುಗ ಹೆಂಗಸರ ಜೊತೆ ಕೂತು ಕೊಬ್ಬರಿ ಆರಿಸುವುದು, ಹೂ ಕಟ್ಟುವುದು, ರೊಟ್ಟಿ ತಟ್ಟುವುದು ಕಲಿತ. ಅಟ್ಟದ ಮೇಲಿನ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಅಂತ ಹೇಳುವುದರಲ್ಲಿ ಅಜ್ಜಿಯನ್ನೇ ಮೀರಿಸಿದ್ದ. ತಲೆಗೂದಲು ಸೊಂಟ ಮುಟ್ಟುತ್ತಿತ್ತು. ಯಾರಾದರೂ ಕೇಳಿದರೆ ದ್ರಾಕ್ಷಾಯಣಮ್ಮನ ಬಳಿ ಉತ್ತರ ಸಿದ್ಧವಾಗಿತ್ತು. ಎದೆ ವಾಸಿಯಾಗುವ ತನಕ ಕತ್ತರಿ ತಾಗಿಸಲ್ಲ, ವಾಸಿಯಾದ ಮೇಲೆ ಮನೆದೇವರಿಗೆ ಮುಡಿ ಕೊಡಿಸುತ್ತೇನೆ ಅಂತ ಆಕೆ ಹರಕೆ ಹೊತ್ತಿದ್ದಳು. ನಡಿಗೆ ಹಾಗೇಕೆ? ಎದೆ ವೀಕು. ದನಿ ಮೆತ್ತಗೇಕೆ? ಎದೆ ವೀಕು. ಊರೂ ಒಪ್ಪಿತ್ತು, ಆಕೆಯೂ ಒಪ್ಪಿದ್ದಳು. ಹೆತ್ತ ಕರುಳಿಗೆ ಬೇರೆ ಕಾರಣ ಹುಡುಕುವ ಧೈರ್ಯ ಇರಲಿಲ್ಲ ಅನ್ನಿ.

"ಯಾಕ್ಲಾ ತಿಂದೆ?" ಅಂದ ಮರುಳಪ್ಪ.

"ಮೈ ಹೆಣ್ಣಿನಂಗೆ ಆಗ್ಲಿ ಅಂತ. ನಾನು ಹೆಣ್ಣು ಕಣಪ್ಪ. ಮೊದಲಿಂದಲೂ ಹಂಗೇ. ನನ್ನ ಹೆಸ್ರು ಸುನಂದ ಅಂತ ಇಟ್ಕಂಡಿದೀನಿ. ಅತ್ತಿಗೆ ಹಂಗೇ ಕರೀತಾಳೆ."

"ನಂಗೆ ಗೊತ್ತಿಲ್ದಂಗೆ ಎಷ್ಟು ದಿನದಿಂದ ನಡೀತೈತೆ ಇದು?" ನಂಜುಂಡಪ್ಪ ಹೆಂಡತಿ ಕಡೆ ತಿರುಗಿದ.

"ನಿಮಗೆ ಹೇಳಿದ್ರೆ ಬುಡ್ತಿದ್ರಾ?"

ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ನರ್ಸಮ್ಮನಿಗೆ. ಬ್ಯಾಗು ಕಂಕುಳಿಗೆ ಏರಿಸಿಕೊಂಡವಳು ಮತ್ತೆ ಕೆಳಗಿಟ್ಟಳು. "ಅಲ್ರೀ, ಈ ಎದೆ ಇಟ್ಕೊಂಡು ಈ ಮಾತ್ರೆಯಾ? ರಕ್ತ ಹೆಪ್ಪುಗಟ್ಟಿದ್ರೆ ಏನು ಗತಿ? ಗಟ್ಟಿಮುಟ್ಟಾಗಿರೋ ಹೆಂಗಸರಿಗೇ ನಾವು ನೂರು ಸಲ ಕೇಳಿ ಕೊಡ್ತೀವಿ."

ದ್ರಾಕ್ಷಾಯಣಮ್ಮನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಸುನಂದವೋ ಗಿನಂದವೋ, ಅದೆಲ್ಲ ಆಮೇಲೆ. ತನ್ನ ಮಗು ಸಾಯುತ್ತದೆ. ಹಾಳೆಯಲ್ಲಿ ಉಳಿದಿದ್ದ ಮಾತ್ರೆಗಳನ್ನೆಲ್ಲ ಬಿಡಿಸಿ, ಸೀದಾ ಹೋಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬಂದಳು. ಎಮ್ಮೆ ಆಗಷ್ಟೇ ಬಾನಿಗೆ ಬಾಯಿ ಹಾಕಿತ್ತು.

"ಥೂ, ಏನೇ ಮಾಡ್ದೆ?" ಮರುಳಪ್ಪ ಎದ್ದು ನಿಂತ. "ಆ ಎಮ್ಮೆ ಈ ವರ್ಷ ಗಬ್ಬ ಆಗ್ದೆ ಹೋದ್ರೆ ಯಾರಿಗೆ ಹೇಳಾಣ?"

ಮೊಮ್ಮಗನ ವಿಷಯಕ್ಕೆ ಸುಮ್ಮನಿದ್ದ ಅಜ್ಜಿ ಎಮ್ಮೆಯ ವಿಷಯಕ್ಕೆ ನಕ್ಕಳು. ನರ್ಸಮ್ಮನೂ ನಕ್ಕಳು. ದ್ರಾಕ್ಷಾಯಣಮ್ಮ ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅತ್ತಳು.

ಮುಂದಿನ ಸರದಿಯಿಂದ ಕಲ್ಲೇಶ ಇಂಜೆಕ್ಷನ್ ನಿಲ್ಲಿಸಿದ. ನರ್ಸಮ್ಮ ಸೂಜಿ ಕುದಿಸಿಟ್ಟುಕೊಂಡು ಕಾದರೆ ಈತ ಕೊಬ್ಬರಿ ಅಟ್ಟ ಹತ್ತಿ ಕೂತ.

"ಇಳಿಯೋ ಕೆಳಕ್ಕೆ," ಅಂತ ದ್ರಾಕ್ಷಾಯಣಮ್ಮ ಏಣಿಯ ಬುಡದಿಂದ ಕೂಗಿದಳು.

"ನನ್ನ ಮಾತ್ರೆ ನೀನು ಎಸೆದೆ. ನಿಮ್ಮ ಇಂಜೆಕ್ಷನ್ ನಾನು ಬುಟ್ಟೆ. ಲೆಕ್ಕ ಸರಿಹೋಯ್ತಲ್ಲ."

"ನಿನ್ನ ಜೀವ ಕಣೋ ಅದು."

"ಮಾತ್ರೆಯೂ ನನ್ನ ಜೀವವೇ ಅವ್ವ."

ಮನೆಯಲ್ಲಿ ಎರಡು ಪಕ್ಷವಾಯಿತು. ಮರುಳಪ್ಪ, ನಂಜುಂಡಪ್ಪ ಒಂದು ಕಡೆ. ವಿಮಲ ಇನ್ನೊಂದು ಕಡೆ. ಅಜ್ಜಿ ಸಾರು ರುಚಿಯಾದ ದಿನ ಒಂದು ಪಕ್ಷ, ಉಪ್ಪು ಹೆಚ್ಚಾದ ದಿನ ಇನ್ನೊಂದು ಪಕ್ಷ. ದ್ರಾಕ್ಷಾಯಣಮ್ಮ ತಾನು ಎಲ್ಲಿದ್ದೇನೆ ಅಂತ ತಿಳಿಯದೆ ಎರಡೂ ಕಡೆಯವರಿಗೂ ಬಯ್ಯುತ್ತಿದ್ದಳು.

"ಎದೆಗೆ ಅಪಾಯ ಅಂತ ಡಾಕ್ಟ್ರು, ನರ್ಸು ಎಲ್ಲ ಹೇಳ್ತಾರೆ. ಇನ್ನೇನು ಮಾತು?" ಅಂತ ಮರುಳಪ್ಪ ಒಂದು ದಿನ ತಟ್ಟೆ ಮುಂದೆ ಕೂತು ತೀರ್ಪು ಕೊಟ್ಟ.

"ನಿಂಗೆ ಅದರ ಎದೆ ಚಿಂತೆಯೋ, ಕೊಬ್ಬರಿ ಮಂಡಿಯೋರು ಏನಂತಾರೆ ಅನ್ನೋ ಚಿಂತೆಯೋ?" ಅಂದಳು ಅಜ್ಜಿ. ಆವತ್ತು ಸಾರು ಚೆನ್ನಾಗಿತ್ತು.

ಮರುಳಪ್ಪ ಒಂದು ತುತ್ತು ಮುದ್ದೆ ಮುರಿದ. "ಎರಡೂ ಐತೆ ಕಣವ್ವ," ಅಂದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

ವಿಮಲ ಬಡಿಸುತ್ತಿದ್ದವಳು ನಿಂತಳು. "ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ನಾನು ಈ ಮನೆಗೆ ಬಂದಾಗ ಸುನಂದ ಇಂಜೆಕ್ಷನ್ನಿಗೆ ಅಂದ್ರೆ ತೋಟದಲ್ಲಿ ಅಡಗಿ ಕೂರೋಳು. ಊಟ ಅರ್ಧಕ್ಕೇ ಬುಡೋಳು. ಸತ್ರೆ ಸಾಯ್ಲಿ ಬುಡತ್ತಿಗೆ ಅನ್ನೋಳು. ಮಾತ್ರೆ ಶುರು ಮಾಡಿದ ಮೇಲೆ ಒಂದು ಇಂಜೆಕ್ಷನ್ನೂ ತಪ್ಪಿಸಿಲ್ಲ. ನರ್ಸಮ್ಮನನ್ನ ಕೇಳಿ ಬೇಕಾದ್ರೆ. ಬದುಕ್ಬೇಕು ಅನ್ನೋ ಆಸೆ ಬಂದಿದ್ದೇ ಆಗ. ಅಪಾಯ ನಂಗೂ ಗೊತ್ತು. ಆದ್ರೆ ಆಸೆ ಕಿತ್ಕಂಡ್ರೆ ಅದೂ ಅಪಾಯ ಅಲ್ವಾ?"

ದ್ರಾಕ್ಷಾಯಣಮ್ಮ ನೆನೆದುಕೊಂಡಳು. ಹೌದು, ಈ ವರ್ಷ ಕಲ್ಲೇಶ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದ. ಎರಡನೇ ಸಲ ಮಜ್ಜಿಗೆ ಕೇಳುತ್ತಿದ್ದ. ಮದ್ದು ಹಿಡಿಯಿತು ಅಂತ ತಾನು ಪೆನಿಸಿಲಿನ್ನಿಗೆ ಕೈಮುಗಿದಿದ್ದಳು.

ಇಂಜೆಕ್ಷನ್ ತಪ್ಪಿದ ಐದನೇ ವಾರ ಕಲ್ಲೇಶ ಕೊಬ್ಬರಿ ಪುಟ್ಟಿ ಇಳಿಸುವಾಗ ಏಣಿಯ ಮಧ್ಯದಲ್ಲೇ ಕೂತುಬಿಟ್ಟ. ತುಟಿ ನೀಲಿಯಾಗಿತ್ತು, ಉಸಿರು ಎಳೆದುಕೊಳ್ಳುತ್ತಿದ್ದ. ನಂಜುಂಡಪ್ಪ ಹೆಗಲ ಮೇಲೆ ಹೊತ್ತು ಇಳಿಸಿ ಜಗಲಿಯಲ್ಲಿ ಮಲಗಿಸಿದ. ದ್ರಾಕ್ಷಾಯಣಮ್ಮ ಬೀಸಣಿಗೆ ಹಿಡಿದು ಕೂತಳು. ಭಯವಾದಾಗ ಆಕೆಗೆ ಬರುವುದು ಸಿಟ್ಟೇ.

"ಆಪರೇಷನ್ ಮಾಡಿಸ್ಕ ಅಂತ ಮೂರು ವರ್ಷದಿಂದ ಬಡ್ಕಂಡೆ. ಬೆಂಗಳೂರಲ್ಲಿ ಎಲ್ರಿಗೂ ಮಾಡ್ತಾರೆ, ಎದ್ದು ಓಡಾಡ್ತಾರೆ. ಚಾಕು ಕಂಡ್ರೆ ಹೆದರಿ ಸಾಯ್ತೀಯ ನೀನು."

"ಚಾಕುಗೆ ಹೆದರಲ್ಲ ಅವ್ವ. ಎದೆ ವಾಸಿಯಾದ್ರೆ ನೀನು ತಲೆ ಬೋಳಿಸ್ತೀಯಲ್ಲ, ಅದಕ್ಕೆ ಹೆದರ್ತೀನಿ."

ದ್ರಾಕ್ಷಾಯಣಮ್ಮನ ಬೀಸಣಿಗೆ ನಿಂತಿತು. ಮೂರು ವರ್ಷ ಈ ಮಗು ಆಪರೇಷನ್ ಬೇಡವೆಂದದ್ದು ತನ್ನ ಹರಕೆಗೆ ಹೆದರಿ. ಜೀವ ಉಳಿಯಲಿ ಅಂತ ಹೊತ್ತ ಹರಕೆ.

"ಕೂದಲು ಮತ್ತೆ ಬೆಳೀತೈತೆ ಕಣೋ," ಅಂದಳು.

"ಬೆಳೆಯೋ ತನಕ ನಾನು ಯಾರು ಅವ್ವ? ಮೀಸೆ ಬೋಳಿಸಬಹುದು, ಸೀರೆ ಉಡಬಹುದು. ದೇವರ ಮುಂದೆ ಕೂರಿಸಿ ಗಂಡು ಅಂತ ಮುದ್ರೆ ಒತ್ತಿದ ಮೇಲೆ ಏನು ಮಾಡ್ಲಿ?"

ಆಕೆ ಎದ್ದು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ತಿಕ್ಕಿದಳು. ದೇವರಿಗೆ ಕೊಟ್ಟ ಮಾತು ಮುರಿಯುವುದು ಹೇಗೆ? ಮುರಿದರೆ ಎದೆಗೆ ಮತ್ತೆ ಏನಾದರೂ ಆದರೆ? ತಿಕ್ಕಿದ ಕಡೆಯೇ ತಿಕ್ಕಿ ತಿಕ್ಕಿ ಎಮ್ಮೆಗೇ ಬೇಸರ ಬಂದು ಬಾಲ ಬೀಸಿತು.

ಕಲ್ಲೇಶನನ್ನು ಬೆಂಗಳೂರಿಗೆ ಹೊರಡಿಸಿದ್ದು ವಿಮಲ. "ನನ್ನ ಮಗೀಗೆ ಸೋದರತ್ತೆ ಬೇಕು. ತೊಟ್ಟಿಲಿಗೆ ಹಾಕಿ ಹೆಸರು ಕೂಗೋಕೆ ನಾನು ಯಾರನ್ನ ಕರೀಲಿ? ಬರೀ ತೋರಿಸ್ಕಂಡು ಬಾ. ಒಪ್ಪೋದು ಬುಡೋದು ನಿಂಗೆ ಸೇರಿದ್ದು," ಅಂದಳು. ಸೋದರತ್ತೆ ಅಂದ ಕೂಡಲೇ ಹಟಮಾರಿ ಮೆತ್ತಗಾಯಿತು.

ಜೊತೆಗೆ ಹೊರಟವಳು ದ್ರಾಕ್ಷಾಯಣಮ್ಮ. ದೊಡ್ಡಾಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು ನೋಡಿದರು. ಹೃದಯದ ಡಾಕ್ಟರು ತಲೆ ನರೆತವರು. ಇನ್ನೊಬ್ಬಳು ಗ್ರಂಥಿಗಳ ಕಾಯಿಲೆ ನೋಡುವ ಲೇಡಿ ಡಾಕ್ಟರು, ವಿಮಲನಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು. ಕಲ್ಲೇಶ ಏನನ್ನೂ ಮುಚ್ಚಿಡದೆ ಹೇಳಿದ. ಅವರಿಬ್ಬರೂ ಮೊದಲು ಇಂಗ್ಲಿಷಿನಲ್ಲಿ ಮಾತಾಡಿದರು, ಬಿಸಿ ಏರಿದ ಮೇಲೆ ಕನ್ನಡಕ್ಕೆ ಬಂದರು.

"ಈ ಕವಾಟ ಇಟ್ಟುಕೊಂಡು ಆ ಮಾತ್ರೆ ಕೊಡುವುದು ತಪ್ಪು. ಹೆಪ್ಪು ಮೆದುಳಿಗೆ ಹೋದರೆ ಯಾರು ಹೊಣೆ?" ಅಂದರು ಹಿರಿಯರು.

"ನಾವು ಕೊಡಲ್ಲ ಅಂದರೆ ಎಲ್ಲಿಂದಲೋ ತಂದು ಲೆಕ್ಕವಿಲ್ಲದೆ ತಿನ್ನುತ್ತಾರೆ ಸಾರ್. ಇಲ್ಲದಿದ್ದರೆ ಪೆನಿಸಿಲಿನ್ ಬಿಟ್ಟು ಕೂರುತ್ತಾರೆ. ಅದಕ್ಕೆ ಯಾರು ಹೊಣೆ?"

"ಇಂಥ ರೋಗಿಗೆ ಕೊಡಬಹುದು ಅಂತ ಯಾವ ಪುಸ್ತಕದಲ್ಲಿದೆ?"

"ಕೊಡಬಾರದು ಅಂತಲೂ ಇಲ್ಲ. ಇಂಥವರನ್ನು ಕೂರಿಸಿಕೊಂಡು ಯಾರು ನೋಡಿದ್ದಾರೆ, ಬರೆಯೋಕೆ?"

ದ್ರಾಕ್ಷಾಯಣಮ್ಮನಿಗೆ ಇದ್ದಕ್ಕಿದ್ದಂತೆ ಎದೆ ಹಗುರಾಯಿತು. ಇವರೂ ತನ್ನ ಮನೆಯವರ ಹಾಗೇ ಜಗಳ ಆಡುತ್ತಾರೆ. ಒಂದು ಮುದ್ದೆ ಸಾರು ಮಾತ್ರ ಕಡಿಮೆ.

"ಅಲ್ಲ ಸ್ವಾಮಿ, ನಿಮ್ಮಿಬ್ಬರಲ್ಲಿ ಯಾರದು ಸರಿ?" ಅಂತ ಕೇಳೇಬಿಟ್ಟಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪೂರ್ತಿ ಗೊತ್ತಿಲ್ಲಮ್ಮ," ಅಂದರು ಹಿರಿಯರು. "ಆದರೆ ಒಂದಕ್ಕೆ ಇಬ್ಬರೂ ಒಪ್ತೀವಿ. ಮೊದಲು ಆಪರೇಷನ್ ಮಾಡಿ ಕವಾಟ ಬಿಡಿಸಬೇಕು. ಅಲ್ಲೀತನಕ ಆ ಮಾತ್ರೆ ಬೇಡವೇ ಬೇಡ."

"ವಾಸಿಯಾದ ಮೇಲೆ ನೋಡೋಣ," ಅಂದಳು ಲೇಡಿ ಡಾಕ್ಟರು, ಕಲ್ಲೇಶನ ಕಡೆ ತಿರುಗಿ. "ಕೊಟ್ಟರೆ ಸ್ವಲ್ಪ ಸ್ವಲ್ಪ ಕೊಟ್ಟು, ಪರೀಕ್ಷೆ ಮಾಡ್ತಾ ಹೋಗಬೇಕು. ಆಗಲೂ ಬೇಡ ಅನ್ನಬೇಕಾಗಬಹುದು. ಸುಳ್ಳು ಭರವಸೆ ಕೊಡಲ್ಲ. ಏನಂತೀಯಮ್ಮ?"

ಅಮ್ಮ ಅಂದದ್ದಕ್ಕೋ, ಸುಳ್ಳು ಹೇಳದಿದ್ದಕ್ಕೋ, ಕಲ್ಲೇಶನ ಕಣ್ಣು ತುಂಬಿತು. "ಆಗ್ಲಿ ಡಾಕ್ಟ್ರೇ. ಆಪರೇಷನ್ ಮಾಡಿ. ಮಗೀನ ಎತ್ಕಬೇಕು ನಾನು." ಆಮೇಲೆ ತಾಯಿಗೆ ಮಾತ್ರ ಕೇಳುವಂತೆ ಅಂದ. "ತಲೆ ಬೋಳಾದ್ರೂ ಆಗ್ಲಿ ಬುಡವ್ವ."

ದ್ರಾಕ್ಷಾಯಣಮ್ಮ ಮಗುವಿನ ಜಡೆಯನ್ನು ಬೆನ್ನ ಮೇಲೆ ನೆಟ್ಟಗೆ ಮಾಡಿದಳು.

ಆಪರೇಷನ್ ಚೆನ್ನಾಗಿ ಆಯಿತು. ಹೆಂಗಸರ ವಾರ್ಡಿನ ಪಕ್ಕದ ಸಣ್ಣ ಕೋಣೆಯನ್ನು ಲೇಡಿ ಡಾಕ್ಟರೇ ಕೊಡಿಸಿದ್ದಳು. ಮರುಳಪ್ಪ ಊರಿಂದ ಎಳನೀರು ಹೊತ್ತು ತಂದು ಕೋಣೆಯ ಮೂಲೆಯಲ್ಲಿ ರಾಶಿ ಹಾಕಿದ. ಆಯಾಗಳಿಗೂ ಪಕ್ಕದ ರೋಗಿಗಳಿಗೂ ತಾನೇ ಕೊಚ್ಚಿ ಕೊಟ್ಟ. "ನಮ್ಮ ತೋಟದ್ದು ಕಣ್ರೀ, ಕುಡೀರಿ. ನಮ್ಮ ಮಗೂಗೆ ಎದೆ ಸರಿಹೋಯ್ತು," ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಮಗನೋ ಮಗಳೋ ಅಂತ ಕೇಳಿದವರಿಗೂ ಇನ್ನೊಂದು ಎಳನೀರು ಕೊಟ್ಟ.

ಎರಡು ತಿಂಗಳು ಕಳೆದ ಮೇಲೆ ಹಿರಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಏಣಿ ಹತ್ತಿದರೂ ಉಸಿರು ಕಟ್ಟುತ್ತಿಲ್ಲ ಅಂದದ್ದಕ್ಕೆ ತಲೆದೂಗಿದರು. "ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರುಮಾಡಿ. ತಿಂಗಳಿಗೊಮ್ಮೆ ನನ್ನ ಹತ್ತಿರ ಬರಬೇಕು. ಕಾಲು ಊದಿದರೆ, ಎದೆ ನೋವು ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ನೆನಪಿರಲಿ," ಅಂದರು. ಈ ಸಲ ದ್ರಾಕ್ಷಾಯಣಮ್ಮ ಮಾತ್ರೆಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿಗೆ ತಂದಳು. ಎಮ್ಮೆಯೂ ಅಷ್ಟು ಹೊತ್ತಿಗೆ ಗಬ್ಬವಾಗಿತ್ತು. ಮರುಳಪ್ಪ ಅದನ್ನು ಊರೆಲ್ಲ ಸಾರಿದ.

ಉಳಿದದ್ದು ಹರಕೆ.

ಮನೆದೇವರ ಗುಡಿಗೆ ಎಲ್ಲರೂ ಹೋದರು. ಬೇಡವೆಂದರೂ ವಿಮಲ ತುಂಬಿದ ಹೊಟ್ಟೆ ಹೊತ್ತು ಬಂದಿದ್ದಳು. ಗುಡಿ ಮುಂದಿನ ಹೊಂಗೆಮರದ ಕೆಳಗೆ ಮುಡಿ ತೆಗೆಯುವ ದುರ್ಗಯ್ಯ ಚೀಲ ಬಿಚ್ಚಿಕೊಂಡು ಕೂತಿದ್ದ. ಕಲ್ಲೇಶ ಅವನ ಮುಂದಿನ ಕಲ್ಲಿನ ಮೇಲೆ ಕೂತು ತಾನೇ ಜಡೆ ಬಿಚ್ಚಿಕೊಂಡ. ಕೂದಲು ಬೆನ್ನ ಮೇಲೆಲ್ಲ ಹರಡಿತು. ಕಣ್ಣು ಮುಚ್ಚಿ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ವಿಮಲ ಮುಖ ತಿರುಗಿಸಿದಳು. ದುರ್ಗಯ್ಯ ನೆತ್ತಿಗೆ ನೀರು ಚಿಮುಕಿಸಿ, ಕತ್ತಿಯನ್ನು ತೊಗಲಿನ ಪಟ್ಟಿಗೆ ಎಳೆದು ಮಸೆದ.

"ತಡಿಯಪ್ಪ ದುರ್ಗಯ್ಯ. ಕತ್ತಿ ಯಾಕೆ?" ಅಂದಳು ದ್ರಾಕ್ಷಾಯಣಮ್ಮ.

"ಮುಡಿಗೆ ಕತ್ತಿ ಬೇಡ್ವೇನವ್ವ?"

"ಹೆಣ್ಮಕ್ಕಳ ತಲೆಗೆ ಯಾವತ್ತು ಕತ್ತಿ ಇಟ್ಟಿದ್ದೀಯಪ್ಪ ನೀನು? ಕತ್ತರಿ ತಗ. ತುದೀಲಿ ಮೂರು ಸಲ ಹಾಕು, ಸಾಕು."

ದುರ್ಗಯ್ಯ ಕತ್ತಿ ಹಿಡಿದಂತೆಯೇ ನೋಡಿದ. "ಗಂಡುಮಗನ ಹರಕೆ ಅಂದ್ರಲ್ಲ ಯಜಮಾನ್ರು."

"ಹೂಂ ಕಣೇ, ಹರಕೆ ಹೊತ್ತಾಗ ನೀನೂ ಮಗ ಅಂತಲೇ ಅಂದಿದ್ದು. ನಾನೇ ಪಕ್ಕದಲ್ಲಿದ್ದೆ," ಅಂದಳು ಅಜ್ಜಿ.

"ಅಂದಿದ್ದೆ ಅತ್ತೆ. ದೇವರಿಗೆ ಆವತ್ತೇ ಗೊತ್ತಿತ್ತು, ತಿಳ್ಕಳಕ್ಕೆ ತಡ ಆಗಿದ್ದು ನಂಗೆ. ನಾನು ತಪ್ಪು ಹೇಳಿದ್ದಕ್ಕೆ ನನ್ನ ಮಗಳ ತಲೆ ಯಾಕೆ ಬೋಳಾಗ್ಬೇಕು?"

ದುರ್ಗಯ್ಯ ಮರುಳಪ್ಪನ ಕಡೆ ನೋಡಿದ. ಮರುಳಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಅವಳು ಹೇಳಿದಂಗೆ ಮಾಡಪ್ಪ," ಅಂದ. "ಹೆಣ್ಣುಮಗೀಗೆ ಮೂರೇ ಕತ್ತರಿ."

ದುರ್ಗಯ್ಯ ಕತ್ತಿಯನ್ನು ಚೀಲಕ್ಕೆ ಹಾಕಿ ಕತ್ತರಿ ತೆಗೆದ. ತುದಿಗೂದಲು ಮೂರು ಸಲ ವೀಳ್ಯದೆಲೆಯ ಮೇಲೆ ಬಿತ್ತು. ದ್ರಾಕ್ಷಾಯಣಮ್ಮ ಎಲೆ ಎತ್ತಿಕೊಂಡು ಹೋಗಿ ಹುಂಡಿಗೆ ಹಾಕಿ ಕೈಮುಗಿದು ಬಂದಳು. ಬಂದವಳು ಮಗಳ ಹಿಂದೆ ಕೂತು ಒದ್ದೆ ಕೂದಲನ್ನು ಸೆರಗಿನಿಂದ ಒರೆಸಿ ಮೂರು ಪಾಲು ಮಾಡಿದಳು. ಸುನಂದಳ ಭುಜ ಅಲುಗುತ್ತಿತ್ತು.

"ಸುನಂದ, ನೆಟ್ಟಗೆ ಕೂತ್ಕ ಕಣೇ. ಅಲ್ಲಾಡಿದ್ರೆ ಜಡೆ ಸೊಟ್ಟ ಆಯ್ತದೆ."

"ಅಳ್ತಿಲ್ಲ ಅವ್ವ. ನಗು ಬತ್ತೈತೆ."

"ನಗು, ಯಾರು ಬೇಡ ಅಂದ್ರು? ತಲೆ ಮಾತ್ರ ಅಲ್ಲಾಡಿಸ್ಬೇಡ," ಅಂದು ದ್ರಾಕ್ಷಾಯಣಮ್ಮ ಜಡೆ ಹೆಣೆಯತೊಡಗಿದಳು.